ಅಕ್ಷರಕ್ಕೆ ಎರಡು ರೂಪಾಯಿ

ಶಿವರಾಂಪೇಟೆಯ ಪಾತ್ರೆ ಅಂಗಡಿಯ ಮೆಟ್ಟಿಲ ಪಕ್ಕ
ತೊಡೆಯ ಮೇಲೆ ಗೋಣಿ ಹಾಸಿಕೊಂಡು ಹದಿನಾಲ್ಕು ವರ್ಷ
ಸ್ಟೀಲಿಗೆ ಹೆಸರು ಹಾಕಿದವಳು ನಾನು.
ಅಕ್ಷರಕ್ಕೆ ಎರಡು ರೂಪಾಯಿ. ಒತ್ತಿಗೆ ಬೇರೆ ಕಾಸಿಲ್ಲ.
ಎಷ್ಟೋ ಭಾಗ್ಯಲಕ್ಷ್ಮಿಯರು ನನ್ನೆದುರೇ ಬರೀ ಭಾಗ್ಯ ಆಗಿ
ಪಾತ್ರೆಗೆ ನಾಲ್ಕು ರೂಪಾಯಿ ಉಳಿಸಿ
ಮಲ್ಲಿಗೆ ಕೊಂಡು ಹೋದರು.

ಈಗ ನನ್ನದೇ ಮಗಳು. ಹತ್ತೊಂಬತ್ತು ದಿನ.
ಚೆಲುವಾಂಬ ಆಸ್ಪತ್ರೆಯ ಚೀಟಿಯಲ್ಲಿ ಇನ್ನೂ
'ಜಯಶೀಲ ಅವರ ಹೆಣ್ಣು ಮಗು'.
ಭಾನುವಾರ ತೊಟ್ಟಿಲು.

ಇವರು ಮೊಬೈಲಿನಲ್ಲಿ ಹುಡುಕಿ ಓದುತ್ತಾರೆ, ಅರ್ಥಸಮೇತ.
ಅರ್ಥ ಯಾರಿಗೆ ಬೇಕು?
ನನಗೆ ಹೆಸರೆಂದರೆ ಯಾವ ಪಾತ್ರೆ, ಯಾವ ಮುಖ,
ಅವತ್ತು ಎಷ್ಟು ಬಿಸಿಲು.

ವಸುಂಧರ ಅಂದರು.
ಹತ್ತು ಲೋಟಕ್ಕೆ ಚೌಕಾಸಿ ಮಾಡಿ, ಹನ್ನೊಂದನೆಯದನ್ನು
ಸೆರಗಿನಲ್ಲಿಟ್ಟುಕೊಂಡು ನಕ್ಕಿದ್ದಳಲ್ಲ, ಅವಳು.

ಧೃತಿ ಚೆನ್ನಾಗಿದೆ, ಚಿಕ್ಕದು.
ಆದರೆ ಆ ವಟ್ರಸುಳಿಯಲ್ಲೇ ಸೂಜಿ ಜಾರಿ
ಹೆಬ್ಬೆರಳಿಗೆ ನೆಟ್ಟಿತ್ತು ಒಂದು ಆಷಾಢ.
ಕಲೆ ಇದೆ, ನೋಡಿ, ಇಲ್ಲಿ.
ಕರೆದಾಗಲೆಲ್ಲ ಬೆರಳು ಚುಳುಕ್ ಅಂದರೆ?

ಇಂಚರ ಬೇಡ. 'ಇಂ' ಅನ್ನುವಷ್ಟರಲ್ಲೇ ಬಾಯಿ ಮುಚ್ಚಿಕೊಳ್ಳುತ್ತೆ.
ಹೆಸರು ಗಂಟಲು ಬಿಟ್ಟು ಬೀದಿಯ ಕೊನೆಗೆ ಹೋಗಬೇಕು.
ನಮ್ಮಮ್ಮ 'ಜಯಾ' ಎಂದು ಕೂಗಿದರೆ
ಮೂರು ಬೀದಿಯ ಕುಂಟೆಬಿಲ್ಲೆ ನಿಲ್ಲುತ್ತಿತ್ತು.

ಶೈಲಜಾ ಎಂದು ಯಾರೂ ಹೇಳಲಿಲ್ಲ. ನನಗೇ ನೆನಪಾಯಿತು.
ಇಪ್ಪತ್ತೊಂದು ಪಾತ್ರೆ, ಕೊಳದಪ್ಪಲೆಯಿಂದ ಉಪ್ಪಿನ ಬಟ್ಟಲವರೆಗೆ.
ಜಾಗೆ ದೀರ್ಘ ಬೇಕೇ ಬೇಕು ಅಂತ ಪಕ್ಕದಲ್ಲೇ ನಿಂತು ಹಾಕಿಸಿದ್ದಳು.
ಐದು ತಿಂಗಳಿಗೆ ಅವಳಣ್ಣ ಚೀಲದಲ್ಲಿ ತಂದ.
'ಅಳಿಸ್ತೀರಾ?'
ಕೊರೆದದ್ದು ಅಳಿಯಲ್ಲ, ಉಜ್ಜಿದರೆ ಮಸುಕಾಗುತ್ತೆ ಅಂದೆ.
ಉಜ್ಜಿ ಕೊಟ್ಟೆ. ದುಡ್ಡು ತಗೊಳ್ಳಲಿಲ್ಲ.
ಬಿಸಿಲಿಗೆ ಹಿಡಿದರೆ
ಆ ದೀರ್ಘ ಇನ್ನೂ ಕಾಣುತ್ತಿತ್ತು.

ಅತ್ತೆ ಬಾಯಿಬಿಟ್ಟು ಹೇಳುವವರಲ್ಲ.
ಬಚ್ಚಲ ಹಂಡೆಯನ್ನು ಹುಣಸೆಹಣ್ಣಿನಲ್ಲಿ
ಮೂರು ದಿನದಿಂದ ಒಂದೇ ಕಡೆ ತಿಕ್ಕುತ್ತಿದ್ದಾರೆ.
ತಾಮ್ರದಲ್ಲಿ ಚುಕ್ಕಿ ಚುಕ್ಕಿ: ಚಿಕ್ಕದೇವಮ್ಮ, ಬನ್ನೂರು.
ಅವರ ತಾಯಿ.
ಓದಲು ಬಾರದಿದ್ದರೂ ಎಲ್ಲಿದೆ ಎಂದು ಬೆರಳಿಗೆ ಗೊತ್ತು.
ನಾನು ಗೋಡೆಗೆ ತಿರುಗಿ ಮಗುವಿಗೆ ಹಾಲು ಕೊಟ್ಟೆ.

ನಮ್ಮ ಮನೆಯ ಊಟವೆಲ್ಲ ತಪ್ಪು ಹೆಸರುಗಳಲ್ಲಿ.
ನಾನು ಕೆಡಿಸಿದ್ದು, ಸಾಹುಕಾರರು ಸಂಬಳದಲ್ಲಿ ಮುರಿದುಕೊಂಡದ್ದು.
ಅರ್ಕಾವತ್ತು ಬಿಟ್ಟುಹೋಗಿ ಪಾವತಿ ಆದ ಪಾರ್ವತಿಯಲ್ಲಿ ಸಾರು,
ಒತ್ತಿಲ್ಲದ ಸರಸತಿಯಲ್ಲಿ ಮೊಸರು.

ಅವುಗಳ ನಡುವೆ ಎರಡು ಡಬ್ಬಿಯ ಒಂದು ಕ್ಯಾರಿಯರ್.
ಕುಮುದ.
ತಪ್ಪಿಲ್ಲ. ಎರಡೂ ಕೊಂಬು ದುಂಡಗೆ ಕೂತಿವೆ,
ಅವತ್ತು ನನ್ನ ಕೈ ಚೆನ್ನಾಗಿತ್ತು.
ಮುಂಗಡ ಕೊಟ್ಟು ಹೋದವರು ಬರಲೇ ಇಲ್ಲ. ಆರು ದಸರಾ ಕಳೆಯಿತು.
ಬಂದದ್ದು ಹೆಂಗಸೋ ಗಂಡಸೋ, ಮಳೆಯೋ ಬಿಸಿಲೋ,
ಏನೂ ನೆನಪಿಲ್ಲ.
ಮುಖವಿಲ್ಲದ ಹೆಸರು ನನ್ನ ಹತ್ತಿರ ಇದೊಂದೇ.

'ಹಳೇದಾಯ್ತು' ಅಂದರು ಇವರು.
'ಯಾರದು?' ಅಂದರು ಅತ್ತೆ.
ಯಾರದ್ದೂ ಅಲ್ಲ ಅಂದೆ. ಅಂದಮೇಲೆ
ಸುಳ್ಳು ಹೇಳಿದ ಹಾಗೆ ಕಿವಿ ಬಿಸಿಯಾಯಿತು.

ರಾತ್ರಿ ಒಳಲೆ ತೊಳೆದು, ಒರೆಸಿ, ಮಿಷನ್ನು ಹಚ್ಚಿದೆ.
'ಕು' ಮುಗಿಯುವಷ್ಟರಲ್ಲಿ ಮಗು ಎದ್ದಿತು,
ಆ ಟರ್ರಿಗೋ ಹಸಿವಿಗೋ.
ಒಂದಕ್ಷರಕ್ಕೇ ನಿಂತಿದೆ. ಅದರಲ್ಲೇ ಕುಡಿಸಿದೆ.

ಎಂದಾದರೂ ಆ ಕುಮುದ ರಸೀದಿ ಹಿಡಿದು ಬಂದರೆ
ಡಬ್ಬಿ ನಿಮ್ಮದೇ, ತಗೊಳ್ಳಿ ಅನ್ನುತ್ತೇನೆ.
ಹೆಸರು ಹಾಕಿದ ಆರು ರೂಪಾಯಿ
ವಾಪಸ್ಸು ಕೊಡುತ್ತೇನೆ.